ಕೆಂಗಣ್ಣಿನ ಸೋದರತ್ತೆ ಹೂಡಿಗೆ ಹೋದದ್ದು

ಚಂದಾಪುರದಿಂದ ಹೊರಟಾಗ ನನ್ನ ಎಡಗಣ್ಣು ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿತ್ತು. ಬಲಗಣ್ಣೂ ಅಂಟತೊಡಗಿತ್ತು. ಹೂಡಿಯಲ್ಲಿ ಅಂದು ನನ್ನ ತಮ್ಮ ಬಸವರಾಜನ ಮಗಳಿಗೆ ಹೆಸರಿಡುವವರಿದ್ದರು. ನಮ್ಮ ಹಾವೇರಿ ಕಡೆ ಸೋದರತ್ತೆ ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಈ ಕೂಸಿಗೆ ನಾನೊಬ್ಬಳೇ ಸೋದರತ್ತೆ. ಮದ್ರಾಸ್ ಐ ಬಂದವರ ಕಣ್ಣು ನೋಡಿದರೆ ಅಂಟುತ್ತದೆಂದು ಚಿಕ್ಕಂದಿನಿಂದ ಕೇಳಿದ್ದೆ. ಹಾಗಾಗಿ ದೊಡ್ಡ ಕಪ್ಪು ಕನ್ನಡಕ ಏರಿಸಿಕೊಂಡು ಧೈರ್ಯವಾಗಿ ಬಸ್ ಹತ್ತಿದೆ.

ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಆಧಾರ್ ತೋರಿಸಬೇಕು. ಕಂಡಕ್ಟರ್ ಫೋಟೊ ನೋಡಿ, "ಕನ್ನಡಕ ತೆಗೀರಿ ಮೇಡಂ" ಎಂದರು. ತೆಗೆದೆ. "ಬೇಡ ಬೇಡ, ಹಾಕ್ಕೊಂಡ್ಬಿಡಿ" ಎಂದು ಟಿಕೆಟನ್ನು ತುದಿಬೆರಳಲ್ಲಿ ಚಾಚಿ ಮುಂದೆ ಹೋದರು. ಪಕ್ಕದಲ್ಲಿದ್ದಾಕೆಯೂ ಎದ್ದು ಹೋದಳು. ಇಡೀ ಸೀಟು ನನ್ನದಾಯಿತು.

ಬಿಸಿಲೇರಿದಂತೆ ಕಣ್ಣೊಳಗೆ ಮರಳು ಉಜ್ಜಿದಂತಾಯಿತು. ತಡೆಯಲಾರದೆ ಸರ್ಜಾಪುರದಲ್ಲಿ ಇಳಿದು ಕಣ್ಣಿನ ಕ್ಲಿನಿಕ್ ಹುಡುಕಿದೆ. ವೈರಸ್ ಸೋಂಕು, ತಾನಾಗಿಯೇ ಇಳಿಯಬೇಕು ಎಂದರು ಡಾಕ್ಟರು. ಕಣ್ಣು ಒಣಗದಂತೆ ಹನಿ ಬರೆದುಕೊಟ್ಟು, ಉಜ್ಜಬಾರದೆಂದರು. ನರ್ಸ್ ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲಿಟ್ಟರು. ಜೀವಕ್ಕೆ ಹಾಯೆನಿಸಿತು.

"ಕೂಸು ಎತ್ಕೋಬೇಕ್ರಿ ಡಾಕ್ಟ್ರ. ಕನ್ನಡಕ ಹಾಕ್ಕೊಂಡಿರ್ತೀನ್ರಿ" ಎಂದೆ.

"ನೋಡಿದ್ರೆ ಬರಲ್ಲ ಮೇಡಂ. ಕೈಯಿಂದ, ಟವೆಲಿಂದ ಬರೋದು. ದೂರದಿಂದ ಎಷ್ಟ್ ಬೇಕಾದ್ರೂ ನೋಡಿ. ಮುಟ್ಟಬೇಡಿ."

ಕೂಸಿನ ತಲೆಗೆ ಕಟ್ಟಲೆಂದು ಹೊಲಿದ ಕುಂಚಿಗೆ ಮಡಿಲಲ್ಲೇ ಇತ್ತು. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡ ಕೈಯಿಂದಲೇ ಅದರ ನಿರಿಗೆ ಸವರುತ್ತ ಬಂದಿದ್ದೆ. ಕುಂಚಿಗೆಯನ್ನು ಚೀಲದೊಳಗೆ ಸೇರಿಸಿ, ಸೋಪು ಹಚ್ಚಿ ಕೈ ತೊಳೆದು, ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಕೆಳಗ ನಿಂತಾದ್ರೂ ಹೆಸರು ನೀನ ಹೇಳ್ಬೇಕು, ಬಾ" ಎಂದ.

ಹೂಡಿ ತಲುಪುವಾಗ ಮಧ್ಯಾಹ್ನ. ತಮ್ಮನದು ಮೊದಲ ಮಹಡಿಯ ಬಾಡಿಗೆ ಮನೆ. ಕೂಸನ್ನೆತ್ತಿಕೊಂಡು ಬಾಲ್ಕನಿಗೆ ಬಂದ. ನಾನು ಬೀದಿಯಲ್ಲಿ ನಿಂತು ಕನ್ನಡಕ ತೆಗೆದೆ. ಬಿಸಿಲು ಕಣ್ಣು ಚುಚ್ಚಿದರೂ ಮನಸಾರೆ ನೋಡಿದೆ. ನಮ್ಮಪ್ಪನದೇ ಹಣೆ. ಕಿವಿಯಲ್ಲಿ ಉಸುರಬೇಕಾದ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಗೌರಿ!" ಎದುರಿನ ಅಂಗಡಿಯವರೂ ತಲೆಯೆತ್ತಿ ನೋಡಿದರು.

"ಅಕ್ಕಾ, ನಿನ್ನ ಬೆನ್ನಿನ ಗುದ್ದು ಹಂಗ ಉಳದಾವು. ಆರಾಮಾದ ಮ್ಯಾಲೆ ಬಂದು ತಿನ್ನು" ಎಂದ ತಮ್ಮ.

ಹೂಂ ಎಂದು ತಿರುಗಿ ನಡೆದೆ. ಬೀದಿಯ ತಿರುವಿನಲ್ಲಿ ಮತ್ತೊಮ್ಮೆ ನೋಡಿದಾಗ ಬಾಲ್ಕನಿ ಮಸುಕಾಗಿತ್ತು. ಒರೆಸಿಕೊಳ್ಳಲು ಎತ್ತಿದ ಕೈಯನ್ನು ಕೆಳಗಿಳಿಸಿ, ಕಣ್ಣೀರನ್ನು ಅದರ ಪಾಡಿಗೆ ಇಳಿಯಲು ಬಿಟ್ಟೆ.