ಬಗಲಲ್ಲಿ ಟರ್ಕಿ ಹುಂಜ

ನಮ್ಮ ಮನೆಗೆ ಟರ್ಕಿ ಕೋಳಿ ಬಂದದ್ದು ಹಾವಿನ ಕಾರಣಕ್ಕೆ. ಉಣಕಲ್‌ನಲ್ಲಿ ಕೆರೆಗೆ ಹತ್ತಿರದ ಮನೆ. ಹಿತ್ತಲಲ್ಲಿ ಹುಲ್ಲು ಬೆಳೆದಾಗಲೆಲ್ಲ ನನ್ನ ಹೆಂಡತಿಗೆ ಹಾವು ಕಾಣುತ್ತದೆ. ಬಡಿಗೆ ಹಿಡಿದು ನೋಡಲು ಹೋದ ನನಗೆ ನೀರಿನ ಪೈಪು ಕಾಣುತ್ತದೆ. "ಟರ್ಕಿ ಇದ್ದಲ್ಲಿ ಹಾವು ಸುಳಿಯಂಗಿಲ್ಲರಿ ಸಾವಕಾರ್ರ" ಎಂದು ಸಂತೆಯಲ್ಲಿ ಒಬ್ಬ ಆಣೆ ಮಾಡಿ ಹೇಳಿದ. ಮೂರು ಮರಿ ತಂದೆ. ಹಾವು ಇದುವರೆಗೂ ಬಂದಿಲ್ಲ. ಮೊದಲೂ ಬಂದಿರಲಿಲ್ಲ ಎಂಬ ಮಾತನ್ನು ನಾನು ಮನೆಯಲ್ಲಿ ಎತ್ತುವುದಿಲ್ಲ.

ನಮ್ಮದು ತತ್ತಿ ಸಹ ಹೊಸ್ತಿಲು ದಾಟದ ಲಿಂಗವಂತರ ಮನೆ. ಮಾರಿದವನೋ, ಮೊದಮೊದಲು ಬೇಯಿಸಿದ ತತ್ತಿಯನ್ನೇ ಪುಡಿ ಮಾಡಿ ಹಾಕಬೇಕೆಂದು ಹೇಳಿ ಕಳಿಸಿದ್ದ. ಅದನ್ನು ಪಡಸಾಲೆಯ ಮಂಚದ ಮೇಲೆ ಕೂತಿದ್ದ ನನ್ನ ಅವ್ವನ ಕಿವಿಗೆ ಹಾಕಿದೆ.

"ಕೋಳಿ ಮರಿಗೆ ಕೋಳಿ ತತ್ತಿ? ಅವನ ಬಾಯಾಗ ಮಣ್ಣ ಬೀಳ್ಲಿ. ಪುಟಾಣಿ ಹಿಟ್ಟು ಕಲಸಿ ಹಾಕು."

ಹೀಗೆ ನಮ್ಮ ಮರಿಗಳು ಹುರಿಗಡಲೆಯ ಈ ಪುಟಾಣಿ ಹಿಟ್ಟು, ನೆನೆಸಿದ ಹೆಸರುಕಾಳು, ಹೆಚ್ಚಿದ ಮೆಂತ್ಯಸೊಪ್ಪು ತಿಂದು ಬೆಳೆದವು. ಬೆಳೆದವು ಎಂದು ಬರೆಯುವುದು ಸುಲಭ. ಟರ್ಕಿ ಮರಿಗೆ ಹಸಿವು ಗೊತ್ತು, ಊಟ ಗೊತ್ತಿಲ್ಲ. ತಾಯಿ ಕುಕ್ಕಿ ತೋರಿಸಬೇಕು. ತಾಯಿ ಇಲ್ಲದಲ್ಲಿ ಯಾರಾದರೂ ತಾಟನ್ನು ಬೆರಳಿನಿಂದ ಟಕಟಕ ಕುಟ್ಟಬೇಕು. ದಲ್ಲಾಳಿ ವ್ಯಾಪಾರದ ನನ್ನ ಅಡತಿ ಅಂಗಡಿಯಲ್ಲಿ ಹತ್ತಿಯ ಎಳೆ ಎಳೆದು ನೋಡಿ ಮಾಲಿನ ಯೋಗ್ಯತೆ ಹೇಳಿದ ಬೆರಳು ಇದು. ಆ ಬೆರಳಿನಿಂದ ದಿನವಿಡೀ ಹೆಸರುಕಾಳು ಕುಟ್ಟಿದೆ. ಸಂಜೆ ತಂಪು ಬಿದ್ದಾಗ ಒಂದೊಂದನ್ನೇ ಎಡ ಬಗಲಲ್ಲಿ ಅವುಚಿಕೊಂಡು ಬಲ್ಬು ಹಚ್ಚಿದ ರಟ್ಟಿನ ಡಬ್ಬಿಗೆ ಒಯ್ದು ಬಿಡುತ್ತಿದ್ದೆ. ಡಬ್ಬಿ ಮುಟ್ಟುವ ಮೊದಲೇ ಬಗಲಲ್ಲಿ ನಿದ್ದೆ ಹೋಗುತ್ತಿದ್ದವು.

ಇದರಿಂದ ಅವು ನನ್ನನ್ನು ಟರ್ಕಿ ಎಂದು ತೀರ್ಮಾನಿಸಿದವು. ಅದರಲ್ಲಿ ತೊಂದರೆಯೇನೂ ಇರಲಿಲ್ಲ, ಅವು ಪ್ರಾಯಕ್ಕೆ ಬರುವ ತನಕ.

ಎರಡು ಹೆಣ್ಣು, ಒಂದು ಗಂಡು. ಹೆಣ್ಣುಗಳು ಮರ್ಯಾದಸ್ಥರು. ಗಂಡು ಮಾತ್ರ ಬೆಳೆದು ಹತ್ತು ಕಿಲೋ ಹಿಟ್ಟಿನ ಚೀಲದಷ್ಟಾಯಿತು. ಕುಕ್ಕರ್ ಸೀಟಿ ಹೊಡೆದರೆ ಗುಳುಗುಳು ಎಂದು ಉತ್ತರ ಕೊಡುವುದು, ನಾನು ಸೀನಿದರೂ ಉತ್ತರ ಕೊಡುವುದು ಶುರುವಾಯಿತು. ಬಾಲ ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ನೆಲಕ್ಕೆ ಸವರುತ್ತ, ತಲೆಯನ್ನು ಒಮ್ಮೆ ನೀಲಿ ಒಮ್ಮೆ ಕೆಂಪು ಮಾಡಿಕೊಂಡು ನನ್ನ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ಭಕ್ತಿ ಎಂದುಕೊಂಡೆ. ಮೂರನೆಯ ಸುತ್ತಿಗೆ ಎದೆಯಿಂದ ಗುದ್ದಿ ಮೊಣಕಾಲಿಗೆ ಒದೆಯಿತು. ನಾನು ಗಾಂಭೀರ್ಯ ಕೆಡದಂತೆ ಹಿಂದೆ ಸರಿದೆ. ಮರುದಿನ ಕಸಬರಿಗೆ ಸಮೇತ ಹಿಂದೆ ಸರಿದೆ.

ಅದರ ಶಾಸ್ತ್ರ ಬಹಳ ಸರಳ. ನಿಂತವರೆಲ್ಲ ವೈರಿಗಳು, ಬಾಗಿದವರೆಲ್ಲ ಹೆಂಡಂದಿರು. ನನ್ನ ಹೆಂಡತಿ ಒಗೆಯುವ ಕಲ್ಲಿನ ಮುಂದೆ ಬಾಗಿದರೆ ಸಾಕು, ಬೆನ್ನಿನ ಮೇಲೆ ಹತ್ತಲು ಬರುತ್ತಿತ್ತು. ಅವ್ವನೊಬ್ಬಳಿಗೆ ಉಪದ್ರವವಿಲ್ಲ. ಅವಳು ನಿಲ್ಲುವುದೂ ಇಲ್ಲ, ಬಾಗುವುದೂ ಇಲ್ಲ.

ಇಂಥ ದಿನಗಳಲ್ಲಿ ಒಂದು ಸೋಮವಾರ ಅಯ್ಯನವರು ಬಂದರು. ವಾರಕ್ಕೊಮ್ಮೆ ಬಂದು ವಿಭೂತಿ ಕೊಟ್ಟು, ಅವ್ವನ ಜತೆ ನಾಲ್ಕು ಮಾತಾಡಿ ಹೋಗುವ ಹಿರಿಯರು. ನಾನು ಪಡಸಾಲೆಯಲ್ಲಿ ಅವರ ಪಾದಕ್ಕೆ ಹಣೆ ಹಚ್ಚಿದೆ. ಹಿತ್ತಲ ಬಾಗಿಲು ತೆರೆದಿತ್ತು. ಬೆನ್ನಿನ ಮೇಲೆ ಏನೋ ಭಾರ ಬಿತ್ತು. ಆಶೀರ್ವಾದಕ್ಕೆ ಇಷ್ಟು ತೂಕ ಇರುವುದಿಲ್ಲ ಎಂದು ನಾನು ಯೋಚಿಸುವಷ್ಟರಲ್ಲಿ ಅದು ಗುಳುಗುಳು ಎಂದಿತು.

ಮೇಲಿನಿಂದ ಅಯ್ಯನವರ ದನಿ ಕೇಳಿಸಿತು: "ಏನಪಾ, ನಾ ಕೈ ಇಟ್ಟದ್ದು ನಿನ್ನ ತಲಿ ಮ್ಯಾಲೋ, ಇದರ ತಲಿ ಮ್ಯಾಲೋ?"

ಅವರು ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಅವರು ಹೋದ ಮೇಲೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತಳು.

"ರೀ, ಮುಂದಿನ ಸೋಮವಾರದ ತನಕ ನೋಡತೇನಿ. ಅಯ್ನೋರು ಬಂದಾಗ ಮತ್ತ ಹಿಂಗ ಆತಂದ್ರ ಅವತ್ತ ಸಂತಿಯವ ಬಂದು ಒಯ್ತಾನ. ಫೋನ್ ಮಾಡೇನಿ."

ಸಂತೆಯವನು ಒಯ್ದು ಏನು ಮಾಡುತ್ತಾನೆಂದು ಯಾರೂ ಕೇಳಲಿಲ್ಲ. ಟರ್ಕಿ ಒಯ್ದು ಯಾರೂ ಪೂಜೆ ಮಾಡುವುದಿಲ್ಲ. ಅವಳ ಮಾತಿನಲ್ಲೂ ತಪ್ಪಿರಲಿಲ್ಲ. ವಾರದಿಂದ ಅವಳು ಬಟ್ಟೆಯನ್ನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಒಗೆಯುತ್ತಿದ್ದಳು.

ಅವ್ವ ಮಂಚದಿಂದ ನನ್ನನ್ನು ಕರೆದಳು. "ಬೆರಳ ಕುಟ್ಟಿ ಉಣ್ಣಾಕ ಕಲಿಸಿದವ ನೀನು. ಕೊಯ್ಯಾವನ ಕೈಯಾಗ ಹೆಂಗ ಕೊಡ್ತಿ ತಮ್ಮಾ?"

"ಮಾತು ಕೇಳಂಗಿಲ್ಲಬೇ ಅದು."

"ಕೇಳಸಾವ ಗಟ್ಟಿ ಇದ್ದರ ಕೇಳತೈತಿ. ಅದು ಮುಂದ ಬಂತಂದ್ರ ನೀ ಹಿಂದ ಓಡ್ತಿ. ಸಣ್ಣದಿದ್ದಾಗ ಬಗಲಾಗ ಇಟಗೊಂಡು ತಿರಗತಿದ್ದಿ. ಈಗ ಏನ್ ಬಗಲ ಸಣ್ಣದಾತೇನು?"

ಮರುದಿನ ಬೆಳಿಗ್ಗೆ ಅದು ಗುದ್ದಲು ಬಂದಾಗ ನಾನು ಸರಿಯಲಿಲ್ಲ. ನಾನೇ ಮುಂದೆ ಹೋಗಿ ಎರಡೂ ರೆಕ್ಕೆ ಸೇರಿಸಿ ಹಿಡಿದು ಎಡ ಬಗಲಲ್ಲಿ ಅವುಚಿದೆ. ಒಮ್ಮೆ ಒದ್ದಾಡಿತು. ಆಮೇಲೆ ತಲೆಯ ಕೆಂಪು ಇಳಿಯಿತು, ಬಾಲ ಮುಚ್ಚಿಕೊಂಡಿತು. ಎರಡು ಹೆಣ್ಣುಗಳೂ ಕತ್ತು ಉದ್ದ ಮಾಡಿ ಈ ಅಧಿಕಾರ ಹಸ್ತಾಂತರವನ್ನು ನೋಡಿದವು. ಅಷ್ಟಕ್ಕೇ ಬಿಡಬಾರದೆಂದು ಓಣಿಯಲ್ಲೂ ಒಂದು ಸುತ್ತು ಹಾಕಿದೆ.

"ಏನ್ ಸಾವಕಾರ್ರ, ವಾಕಿಂಗಿಗೆ ಜೋಡಿ ಸಿಕ್ಕಾನೇನ್ರಿ?" ಎಂದು ಕಟ್ಟೆಯ ಮೇಲಿನವರು ಕೇಳಿದರು.

"ಹೌದ್ರಿ. ನಿಮ್ಮಷ್ಟು ಮಾತಾಡಂಗಿಲ್ಲ, ಅದಕ್ಕ ಕರಕೊಂಡೇನಿ" ಎಂದೆ.

ಮುಂದಿನ ಸೋಮವಾರದ ತನಕ ಬೆಳಿಗ್ಗೆ ಸಂಜೆ ಇದೇ ಮೆರವಣಿಗೆ. ಕೊನೆಕೊನೆಗೆ ನಾನು ಎಡ ಮೊಣಕೈಯನ್ನು ತುಸು ಎತ್ತಿ ಬಗಲು ಖುಲ್ಲಾ ಮಾಡಿದರೆ ಸಾಕು, ಹುಂಜ ನಿಂತಲ್ಲೇ ಗರಿ ಮಡಚಿಕೊಳ್ಳತೊಡಗಿತು.

ಸೋಮವಾರ ಅಯ್ಯನವರು ಬಂದಾಗ ಅದು ನನ್ನ ಬಗಲಲ್ಲೇ ಇತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮೊಬೈಲು.

"ಕೆಳಗ ಬಿಟ್ಟು ನಮಸ್ಕಾರ ಮಾಡ್ರಿ. ಹಿಡಕೊಂಡು ಮಾಡಿದರ ಪರೀಕ್ಷಾ ಹೆಂಗ ಆಕ್ಕೈತಿ?"

ಬಿಟ್ಟೆ. ಅದು ಕೂಡಲೇ ಬಾಲ ಬಿಚ್ಚಿತು, ತಲೆ ಕೆಂಪಾಯಿತು. ನಾನು ಮೊಣಕಾಲೂರಿದೆ, ಬಾಗಿದೆ, ಬಾಗುವಾಗ ಎಡ ಮೊಣಕೈಯನ್ನು ಮೇಲಕ್ಕೆ ಎತ್ತಿ ಹಿಡಿದೆ. ಪಾದದ ಮೇಲೆ ಹಣೆ ಇಟ್ಟುಕೊಂಡೇ ಕೇಳಿಸಿಕೊಂಡೆ: ಫರಸಿ ಕಲ್ಲಿನ ನೆಲದ ಮೇಲೆ ಉಗುರಿನ ಸದ್ದು ಹತ್ತಿರ ಬಂತು, ನಿಂತಿತು. ಗರಿ ಮುಚ್ಚಿಕೊಂಡ ಸರಸರ ಸದ್ದು. ಬೆನ್ನಿಗೆ ಏನೂ ಬೀಳಲಿಲ್ಲ. ಬಗಲೊಳಗೆ ಮಾತ್ರ ಒಂದು ಬೋಳು ತಲೆ ತೂರಿ ಬಂದು ಸುಮ್ಮನಾಯಿತು.

"ಈ ಸಲ ಇಬ್ಬರೂ ಒಂದ ಆಗೀರಿ" ಎಂದರು ಅಯ್ಯನವರು, ಇಬ್ಬರಿಗೂ ಸಲ್ಲುವ ಹಾಗೆ ಕೈ ಅಗಲಿಸಿ.

ಹೆಂಡತಿ ಮೊಬೈಲು ಕಿವಿಗೆ ಹಿಡಿದಳು. "ಬರಬ್ಯಾಡಪಾ ನೀನು. ಇಲ್ಲ, ನಾಳೆನೂ ಬ್ಯಾಡ." ಆಮೇಲೆ ನನಗೆ: "ನಾ ಬಟ್ಟಿ ಒಗಿಯೂ ಮುಂದ ನೀವು ಹಿತ್ತಲದಾಗ ನಿಂದರಬೇಕ್ರಿ. ಕೈ ಎತಗೊಂಡು."

ನಿಲ್ಲುತ್ತೇನೆ. ಈಗ ಅದು ರೂಢಿಯಾಗಿ, ಯಾವ ಹಿರಿಯರಿಗೆ ನಮಸ್ಕಾರ ಮಾಡಿದರೂ ಎಡ ಮೊಣಕೈ ತಾನಾಗಿ ಮೇಲೇಳುತ್ತದೆ. ಗದಗಿನ ಬೀಗರು ನನಗೆ ಭುಜ ಹಿಡಿದುಕೊಂಡಿದೆ ಎಂದು ತಿಳಿದು, ನಾನು ಹೋದಾಗಲೆಲ್ಲ ಒಂದು ಬಾಟಲಿ ನೋವಿನ ಎಣ್ಣೆ ಕೊಟ್ಟು ಕಳಿಸುತ್ತಾರೆ. ಒಲ್ಲೆ ಎನ್ನುವುದಿಲ್ಲ. ಹತ್ತು ಕಿಲೋ ಹೊತ್ತು ತಿರುಗುವ ಭುಜಕ್ಕೆ ಎಣ್ಣೆ ಬೇಕೇ ಬೇಕು.