ಎಡಗಡೆ ಮಡ್‌ಗಾರ್ಡಿನ ನೆಗ್ಗು

ನಮ್ಮಣ್ಣನ ಕೈಗೆ ಸಿಕ್ಕ ತಗಡು ಹಟ ಮಾಡಿದ್ದನ್ನು ನಾನು ಕಾಣೆ. ಗುದ್ದಿಸಿಕೊಂಡು ನಜ್ಜುಗುಜ್ಜಾಗಿ ಬಂದ ಕಾರುಗಳನ್ನು ಬಡಿದು, ತಟ್ಟಿ, ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ನೋಡಿ, ನೆಗ್ಗು ಎಲ್ಲಿತ್ತೆಂದು ಮಾಲೀಕನೇ ಹುಡುಕುವಂತೆ ಮಾಡುವುದು ಅವನ ಕಸುಬು. ಅಂಥವನು ಹೋದ ವರ್ಷ ಒಂದು ನೆಗ್ಗು ಹಾಕಲಾರದೆ ಸೋತು ಕೂತ. ಎಲ್ಲ ನಮ್ಮ ಅತ್ತಿಗೆಗಾಗಿ.

ಮದುವೆಗೆ ಮುಂಚೆ ಅತ್ತಿಗೆ ತನ್ನ ಅಪ್ಪನ ಡ್ರೈವಿಂಗ್ ಸ್ಕೂಲಿನಲ್ಲಿ ಒಂದು ಪುಟ್ಟ ಕಾರಿಟ್ಟುಕೊಂಡು ಹೆಂಗಸರಿಗೆ ಕಲಿಸುತ್ತಿದ್ದಳು. ಆಗ ನಮ್ಮ ಮಾರುಕಟ್ಟೆಯ ಮೆಟ್ಟಿಲ ಮೇಲೆ ಸಿನಿಮಾ ಶೂಟಿಂಗ್ ನಡೆಯಿತು. ಅದೇ ಜಾತಿಯ ಹಳದಿ ಕಾರನ್ನು ನಾಯಕಿ ಮೆಟ್ಟಿಲಿಳಿಸಿ, ಕೆಳಗಿನ ಕಲ್ಲುಕಂಬಕ್ಕೆ ಎಡಗಡೆ ಮಡ್‌ಗಾರ್ಡು ಉಜ್ಜಿಕೊಂಡು ಪರಾರಿಯಾಗಬೇಕು. ನಾಯಕಿಗೆ ಕಾರು ಬಾರದು. ವಿಗ್ ಹಾಕಿಕೊಂಡು ಬಂದ ಡೂಪ್ ಮಹಾಶಯನ ಮೊಣಕಾಲು ಸ್ಟೇರಿಂಗ್ ಕೆಳಗೆ ಹಿಡಿಸಲೇ ಇಲ್ಲ. ಕೊನೆಗೆ ಅದೇ ವಿಗ್ಗನ್ನು ಅತ್ತಿಗೆಗೆ ತೊಡಿಸಿ, ಗೋಡೆ ಮರೆಯಲ್ಲಿ ಆಳು ಬದಲಿಸಿ, ಅವಳ ಕೈಲಿ ಇಳಿಸಿದರಂತೆ.

ಊರು ಕಣ್ಣಾರೆ ಕಂಡದ್ದು ನಾಯಕಿ ಕಾರು ಹತ್ತಿದ್ದನ್ನು. ಹಾಗಾಗಿ ಅತ್ತಿಗೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಟ್ಟಿಲ ಬುಡದಲ್ಲಿ ಕೂರುವ ತರಕಾರಿಯಮ್ಮನಂತೂ ಅವಳಿಗೆ 'ಡೂಪಮ್ಮ' ಎಂದು ಹೆಸರೇ ಇಟ್ಟಳು. ಸ್ವಂತ ಮೊಮ್ಮಗಳೂ ನಕ್ಕ ದಿನ ಅತ್ತಿಗೆ ಆ ಕಥೆ ಹೇಳುವುದನ್ನೇ ನಿಲ್ಲಿಸಿದಳು. ಅದು ಅಣ್ಣನ ಕರುಳಿಗೆ ಚುಚ್ಚಿತು.

ಆ ಹಳೇ ಸಿನಿಮಾವನ್ನು ನಮ್ಮೂರ ಟಾಕೀಸಿನಲ್ಲಿ ಮತ್ತೆ ಹಾಕುತ್ತಾರೆಂದು ತಿಳಿದದ್ದೇ ತಡ, ಅಣ್ಣ ಗುಜರಿಯಿಂದ ಆ ಜಾತಿಯ ಕಾರೊಂದನ್ನು ಎಳೆಸಿಕೊಂಡು ಬಂದ. ಥೇಟ್ ಸಿನಿಮಾದ್ದೇ ಮಾಡಿ ಟಾಕೀಸಿನ ಮುಂದೆ ನಿಲ್ಲಿಸುತ್ತೇನೆ, ಅತ್ತಿಗೆ ಅದರ ಪಕ್ಕ ನಿಂತು ಹೇಳಲಿ, ಆಗ ಯಾರು ನಗುತ್ತಾರೋ ನೋಡೋಣ ಎಂಬುದು ಅವನ ಲೆಕ್ಕ. ನೋಡಿದರೆ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು! ತುಕ್ಕು ತಿಂದ ತಳ ಕೊಯ್ದು ಹೊಸ ತಗಡು ಬೆಸೆದ. ಟಿವಿಯಲ್ಲಿ ಸಿನಿಮಾ ನಿಲ್ಲಿಸಿ ನಿಲ್ಲಿಸಿ ನೋಡಿ, ನೆಗ್ಗಿನ ಫೋಟೋ ತೆಗೆದಿಟ್ಟುಕೊಂಡು, ಅದೇ ಹಳದಿ ಕಲಸಿದ. ಎಲ್ಲ ಕೂಡಿಬಂತು, ಆ ನೆಗ್ಗೊಂದು ಬಿಟ್ಟು.

ಅಣ್ಣ ಸುತ್ತಿಗೆಯಿಂದ ಒಂದೇಟು ಹಾಕುತ್ತಿದ್ದ. ಮರುಗಳಿಗೆ ಅವನಿಗೇ ಗೊತ್ತಿಲ್ಲದೆ ಕೈ ಅದರ ಅಂಚನ್ನು ತಟ್ಟಿ ನಯ ಮಾಡಿಬಿಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳೇ? ಮತ್ತೆ ಎತ್ತುವುದು, ಮತ್ತೆ ಹೊಡೆಯುವುದು. ಟಾಕೀಸಿನಲ್ಲಿ ಸಿನಿಮಾ ಬರುವ ದಿನ ಬೆಳಿಗ್ಗೆಯೂ ಇದೇ ರಗಳೆ. ಟೀ ತಂದ ಅತ್ತಿಗೆ ಲೋಟ ಕೆಳಗಿಟ್ಟಳು.

"ಕಂಬಕ್ಕೆ ಉಜ್ಜಿ ಆದದ್ದು ಸುತ್ತಿಗೇಲಿ ಬರುತ್ತೇನ್ರೀ? ಕೀ ಕೊಡಿ ಇಲ್ಲಿ."

ಅವಳು ಮತ್ತೆ ಆ ಮೆಟ್ಟಿಲಿಳಿಸಲು ಹೊರಟದ್ದು ನನಗೆ ಹೊಳೆಯಿತು. ಮಂಡಿನೋವಿನ ಹೆಂಗಸು, ಅಷ್ಟು ಕಷ್ಟಪಟ್ಟು ಕಟ್ಟಿದ ಕಾರು! ಬೇಡವೆಂದು ಬಡಕೊಂಡೆ. ಅಣ್ಣ ನನ್ನ ಕಡೆ ತಿರುಗಿಯೂ ನೋಡದೆ ಜೇಬಿನಿಂದ ಕೀ ತೆಗೆದುಕೊಟ್ಟ.

ಮಾರುಕಟ್ಟೆ ಮೆಟ್ಟಿಲ ತುದಿಯಲ್ಲಿ ಅತ್ತಿಗೆ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಸ್ಟೇರಿಂಗ್ ಮುಂದೆ ಕೂತಳು. ಅಣ್ಣ ಕೂಗಿದ್ದಕ್ಕೆ ಕೆಳಗಿನವರೆಲ್ಲ ಬುಟ್ಟಿ ಎತ್ತಿಕೊಂಡು ಗೋಡೆಗೆ ಒತ್ತಿ ನಿಂತರು. ಕಾರು ಮೂತಿ ಬಗ್ಗಿಸಿತು. ದಡದಡದಡ ಇಳಿಯತೊಡಗಿತು. ನಡುವಿನ ಚಪ್ಪಟೆ ಜಾಗದಲ್ಲಿ ಒಂದಿಷ್ಟೇ ತಡೆದು, ಒಂಚೂರು ಬಲಕ್ಕೆ ಎಳೆದು, ಮತ್ತೆ ಬಿಟ್ಟಳು. ಅಬ್ಬಾ, ಆ ಮುಖದಲ್ಲಿ ಹೆದರಿಕೆಯ ಸುಳಿವಿಲ್ಲ. ಅಡುಗೆಮನೆಯಲ್ಲಿ ದಿನಾ ನಾನು ಕಾಣುವ ಅತ್ತಿಗೆಯೇನಾ ಇವಳು? ಕಂಬಕ್ಕೆ ಕರ್‍ರೆಂದು ಉಜ್ಜಿಕೊಂಡು ಕಾರು ನಿಂತಿತು.

ಅಣ್ಣ ಸಿನಿಮಾದ ಫೋಟೋ ಹಿಡಿದು ಓಡಿದ. ದೀಪದ ಪಕ್ಕ ಸಣ್ಣಗೆ ಶುರುವಾಗಿ, ಹಿಂದಕ್ಕೆ ಅಗಲವಾಗಿ, ಕೊನೆಯಲ್ಲಿ ಮಡಿಚಿಕೊಂಡ ನೆಗ್ಗು. ಫೋಟೋದಲ್ಲಿದ್ದದ್ದು ಹಾಗೇ ಇಲ್ಲಿತ್ತು. ಕಣ್ಣು ಮುಚ್ಚಿ ಅದರ ಮೇಲೆ ಅಂಗೈ ಆಡಿಸಿದ. ಈ ಸಲ ಅವನ ಕೈ ಏನನ್ನೂ ತಿದ್ದಲಿಲ್ಲ.

ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದ ತರಕಾರಿಯಮ್ಮ ಫೋಟೋ ನೋಡಿದಳು, ಮಡ್‌ಗಾರ್ಡು ನೋಡಿದಳು, ಆಮೇಲೆ ಕಾರಿನ ಕಿಟಕಿಗೆ ಬಗ್ಗಿದಳು.

"ಹಂಗಾದ್ರೆ ಅವತ್ತೂ ನೀನೇನಾ?"

"ಅವತ್ತಿಂದ ಅದನ್ನೇ ಅಲ್ವೇನಕ್ಕ ನಾನು ಹೇಳ್ತಿದ್ದದ್ದು," ಎಂದ ಅತ್ತಿಗೆ ಸ್ಟೇರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟಳು.