ವಿಯೆನೊಳ ಫ್ಲಾಸ್ಕಿನ ನೀಲಿ ಸೂಪು

ಉತ್ತರದ ಹಿಮನಾಡಿನ ಊರು ಕಾಯಾನಿಯ ಸಂತೆಚೌಕದಲ್ಲಿ ವಿಯೆನೊ ಕಾರ್ಪಿನೆನ್‌ಳ ಮಳಿಗೆಯ ಮುಂದೆ ನಿಂತವರು ಬರಿಗೈಯಲ್ಲಿ ಮನೆಗೆ ಹೋದದ್ದು ಕಡಿಮೆ. ಅವಳು ಮಾರುತ್ತಿದ್ದದ್ದು ಮುಸ್ತಿಕ್ಕ, ಕಾಡಿನ ಪುಟ್ಟ ನೀಲಿ ಹಣ್ಣು. ಕನ್ನಡಕದವರು ಬಂದರೆ ಅದು ಕಣ್ಣಿಗೆ ಒಳ್ಳೆಯದು. ಏದುಸಿರು ಬಿಡುತ್ತ ಬಂದವರಿಗೆ ಎದೆಗೆ ಒಳ್ಳೆಯದು. ಯಾವ ಕಾಯಿಲೆಯೂ ಇಲ್ಲದ ದುರದೃಷ್ಟದ ಗಿರಾಕಿ ಬಂದರೆ, "ಇನ್ಮುಂದೇನೂ ಬರಲ್ಲ, ತಗೊಳ್ಳಿ" ಎಂದು ಅಳತೆಯ ಡಬ್ಬಿ ತುಂಬಿಬಿಡುತ್ತಿದ್ದಳು.

"ನಿನ್ನ ಗಿರಾಕಿಗಳು ಯಾರೂ ಸಾಯೋದೇ ಇಲ್ಲ ಅಂದ್ರೆ ಪಾಪ, ಪಾದ್ರಿಯ ಗತಿ ಏನೇ?" ಎಂದು ಪಕ್ಕದ ಮೀನಿನವನು ಕೆಣಕುತ್ತಿದ್ದ.

"ಅವನಿಗೆ ನಿನ್ನ ಮೀನು ತಿಂದವರು ಸಾಕು ಬಿಡು."

ವ್ಯಾಪಾರದಲ್ಲಿ ಅವಳ ಬಂಡವಾಳವೆಂದರೆ ಹಣ್ಣಲ್ಲ, ಗಂಟಲು. ಆ ಗಂಟಲು ಶರತ್ಕಾಲದಲ್ಲಿ ಕಟ್ಟಿಕೊಂಡಿತು. ಚೌಕದ ಗಾಳಿಯನ್ನು ಬೈದುಕೊಂಡು ಕ್ರಿಸ್ಮಸ್ ಕಳೆದಳು. ಹೊಸ ವರ್ಷದಲ್ಲಿ ವೈದ್ಯರು ಒಳಗೆ ನಳಿಗೆ ಇಳಿಸಿ ನೋಡಿ, ಗಾಳಿಯದೇನೂ ತಪ್ಪಿಲ್ಲ, ಗಡ್ಡೆ ಇದೆ ಎಂದರು. ಎರಡು ತಾಸು ದೂರದ ನಗರದ ಆಸ್ಪತ್ರೆಯಲ್ಲಿ ವಾರದಲ್ಲಿ ಐದು ದಿನ ವಿಕಿರಣ ಚಿಕಿತ್ಸೆ ಎಂದು ಗೊತ್ತಾಯಿತು.

ಅಲ್ಲಿಗೆ ಹೋಗಿಬರಲು ಪಾಲು ಟ್ಯಾಕ್ಸಿ. ಓಡಿಸುವವನು ಪೆತ್ರಿ, ಮಾತಿಗಿಂತ ರೇಡಿಯೊ ಇಷ್ಟಪಡುವವನು. ಹಿಂದಿನ ಸೀಟಿನಲ್ಲಿ ಜೊತೆಗಾರ ಆರ್ವಿ ಹೈಕುರ, ಮರದ ದಿಮ್ಮಿಯ ಲಾರಿ ಓಡಿಸಿ ನಿವೃತ್ತನಾದವನು. ನಾಲಿಗೆಯ ಬುಡದಲ್ಲಿ ಅವನಿಗೂ ಅದೇ ರೋಗ. ಮೊದಲ ದಿನವೇ ಅವನು, "ಈ ಟ್ಯಾಕ್ಸಿಯಲ್ಲಿ ಬಾಯಿಲ್ಲದವರೇ ಕೂರೋದು, ನೀನು ತಪ್ಪಿ ಹತ್ತಿದೀಯ" ಎಂದ.

"ಇಬ್ಬರ ಮಾತನ್ನೂ ನಾನೇ ಆಡ್ತೀನಿ, ನೀನು ತಲೆ ಅಲ್ಲಾಡಿಸು, ಮುದುಕ."

ಆಸ್ಪತ್ರೆಯಲ್ಲಿ ಒಂದು ಪರೀಕ್ಷೆಯೂ ನಡೆಯುತ್ತಿತ್ತು. ಕಪ್ಪು, ನೀಲಿ ಹಣ್ಣುಗಳ ಸಿಪ್ಪೆಗೆ ಬಣ್ಣ ಕೊಡುವ ಸತ್ವವನ್ನು ಗುಳಿಗೆ ಮಾಡಿದ್ದರು. ಅರ್ಧ ಜನಕ್ಕೆ ಅದು, ಉಳಿದವರಿಗೆ ನೋಡಲು ಹಾಗೇ ಇರುವ ಸಪ್ಪೆ ಗುಳಿಗೆ. ಯಾರಿಗೆ ಯಾವುದು ಎಂದು ಯಾರಿಗೂ ತಿಳಿಯದು. ವಿಕಿರಣದಿಂದ ಸುಟ್ಟ ಗಂಟಲಿಗೆ ಅದು ತಂಪು ಕೊಡುತ್ತದೆಯೇ, ಇಲ್ಲ ವಿಕಿರಣ ತಾಗದ ಹಾಗೆ ಗಡ್ಡೆಯನ್ನೂ ಸೇರಿಸಿ ಕಾಪಾಡಿಬಿಡುತ್ತದೆಯೇ ಎಂಬುದು ಅವರ ಪ್ರಶ್ನೆ. ವಿಯೆನೊ, ಆರ್ವಿ ಇಬ್ಬರೂ ಒಪ್ಪಿದರು. ಪರೀಕ್ಷೆಯ ನರ್ಸ್ ತೂಲಿಯಾ ಪ್ರತಿ ಸೋಮವಾರ ತಪ್ಪದೆ ಕೇಳುತ್ತಿದ್ದಳು: "ವಿಟಮಿನ್, ಗಿಡಮೂಲಿಕೆ, ಹಣ್ಣಿನ ಸತ್ವದ ಔಷಧಿ, ಬೇರೆ ಏನಾದ್ರೂ ತಗೋತಿದೀರಾ?"

"ಅಂಥದ್ದನ್ನೆಲ್ಲ ನಾನು ಮುಟ್ಟಲ್ಲಮ್ಮ," ಎನ್ನುತ್ತಿದ್ದಳು ವಿಯೆನೊ. ಅವಳ ಮಟ್ಟಿಗೆ ಅದು ನಿಜ.

ಅವಳ ಕೈಚೀಲದಲ್ಲಿ ಇದ್ದದ್ದು ಸೂಪು. ಮುಸ್ತಿಕ್ಕ ಬೇಯಿಸಿ, ಆಲೂಗಡ್ಡೆ ಹಿಟ್ಟು ಕದಡಿ, ಮಂದ ಮಾಡಿದ್ದು. ಹೊಟ್ಟೆ ಕೆಟ್ಟ ಮಗುವಿಗೆ ಅಮ್ಮ ಕೊಡುವುದು, ಹಿಮದ ಮೇಲೆ ಸ್ಕೀ ಆಡಿ ಬಂದವರು ಬಿಸಿಬಿಸಿ ಕುಡಿಯುವುದು. ಅದನ್ನು ಔಷಧಿ ಎಂದು ಆ ಸೀಮೆಯಲ್ಲಿ ಯಾರಾದರೂ ಅಂದರೆ, ನೀರನ್ನೂ ಔಷಧಿ ಅನ್ನಬೇಕಾಗುತ್ತದೆ. ಮೂರನೆಯ ವಾರಕ್ಕೆ ಆರ್ವಿಯ ಗಂಟಲು ಬೆಂದು ಎಂಜಲು ನುಂಗುವುದೂ ಕಷ್ಟವಾದಾಗ, ವಾಪಸು ಬರುವ ದಾರಿಯಲ್ಲಿ ಅವಳು ಫ್ಲಾಸ್ಕು ತೆರೆದು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಅದು ಇಳಿಯಿತು. ಅಂದಿನಿಂದ ಫ್ಲಾಸ್ಕು ದೊಡ್ಡದಾಯಿತು.

"ನೀನಿಲ್ಲದಿದ್ರೆ ಹಸಿವಿಗೇ ಸಾಯ್ತಿದ್ದೆ ಕಣೇ," ಎಂದ ಆರ್ವಿ, ಒಡೆದ ದನಿಯಲ್ಲಿ.

"ಸಾಯೋ ಕಾರಣ ಆರಿಸ್ಕೊಳ್ಳೋಷ್ಟು ದೊಡ್ಡವನಾಗಿಬಿಟ್ಯಾ?"

ಒಂದು ಮಂಗಳವಾರ ವಿಕಿರಣದ ಯಂತ್ರ ಕೆಟ್ಟಿತು. ಸರದಿ ಮಧ್ಯಾಹ್ನಕ್ಕೆ ಹೋಯಿತು. ಹಸಿದ ಇಬ್ಬರೂ ಕಾಯುವ ಕೋಣೆಯಲ್ಲೇ ಫ್ಲಾಸ್ಕು ಖಾಲಿ ಮಾಡಿದರು. ಆಮೇಲೆ ಹುಣ್ಣು ನೋಡಲು ತೂಲಿಯಾ ದೀಪ ಹಿಡಿದು ವಿಯೆನೊಳ ಬಾಯಿ ತೆರೆಸಿದಳು. ನಾಲಿಗೆ, ನೇರಳೆ ಮರದಿಂದ ಇಳಿದ ಮಕ್ಕಳ ನಾಲಿಗೆಯ ಹಾಗಿತ್ತು. ಬಾಗಿಲಾಚೆ ಕೂತಿದ್ದ ಆರ್ವಿಯ ಬಾಯಿಯೂ ಹಾಗೇ.

"ಇದೇನಿದು?"

"ಮುಸ್ತಿಕ್ಕ ಸೂಪು. ಊಟ."

"ದಿನಾನಾ?"

"ಮತ್ತೆ? ಊಟ ದಿನಾ ಮಾಡಲ್ವಾ?"

ತೂಲಿಯಾ ದೀಪ ಆರಿಸಿ ಕುರ್ಚಿ ಎಳೆದುಕೊಂಡು ಕೂತಳು. ಬೈಯಲಿಲ್ಲ, ಬೈದಿದ್ದರೆ ವಿಯೆನೊ ಎರಡು ಮಾತು ಹೆಚ್ಚೇ ಆಡಿ ಗೆಲ್ಲುತ್ತಿದ್ದಳು. "ನಾವು ಗುಳಿಗೆಯಲ್ಲಿ ತುಂಬಿರೋದು ಅದರದ್ದೇ ಬಣ್ಣ, ವಿಯೆನೊ. ಸಪ್ಪೆ ಗುಳಿಗೆ ಸಿಕ್ಕಿರೋರು ಅದನ್ನ ಫ್ಲಾಸ್ಕಲ್ಲಿ ಕುಡಿದ್ರೆ ನಾವು ಯಾರನ್ನ ಯಾರಿಗೆ ಹೋಲಿಸೋದು? ತಪ್ಪು ನನ್ನದೂ ಇದೆ. ಔಷಧಿ ಬಾಟಲಿಗಳ ಬಗ್ಗೆ ಕೇಳ್ದೆ, ಅಡುಗೆಮನೆ ಬಗ್ಗೆ ಕೇಳಲಿಲ್ಲ."

"ಪರೀಕ್ಷೆ ಹಾಳಾಗ್ಲಿ. ಅವನಿಗೆ ಏನಾದ್ರೂ ಆಗತ್ತಾ?"

"ಆರ್ವಿಗೆ?"

"ಗಡ್ಡೇನ ಕಾಪಾಡಿಬಿಡತ್ತೆ ಅಂತ ನೀವೇ ಅಂದಿದ್ರಲ್ಲ."

"ಕಾಪಾಡಬಹುದು. ಕಾಪಾಡದೇನೂ ಇರಬಹುದು. ಅದು ಗೊತ್ತಿದ್ರೆ ಪರೀಕ್ಷೆ ಯಾಕೆ ಮಾಡ್ತಿದ್ವಿ?"

"ಸೂಪಲ್ಲಿ ಅಷ್ಟೊಂದು ಇರತ್ತಾ?"

"ಅದೂ ಗೊತ್ತಿಲ್ಲ. ಇನ್ನು ಕುಡೀಬೇಡಿ, ಕುಡಿಸಬೇಡಿ. ನುಂಗಕ್ಕೆ ಬೇರೆ ಏನಾದ್ರೂ ಕೊಡಿಸ್ತೀನಿ. ಅವರಿಗೆ ನಾನು ಹೇಳ್ಲಾ?"

"ಬೇಡ. ಕುಡಿಸಿದವಳು ನಾನು."

ಮಳಿಗೆಯಲ್ಲಿ ಅದೇ ಹಣ್ಣು ಎಲ್ಲ ರೋಗಕ್ಕೂ ಔಷಧಿ. ನರ್ಸ್ ಕೇಳಿದಾಗ ಬರೀ ಊಟ. ಎರಡು ಮಾತೂ ಒಂದೇ ಬಾಯಿಯಿಂದ ಬಂದದ್ದು ವಿಯೆನೊಗೆ ಆಗ ಹೊಳೆಯಿತು. ಗಿರಾಕಿ ತಿರುಗಿ ಕೇಳದ ವ್ಯಾಪಾರದಲ್ಲಿ ಇಂಥದ್ದು ಹೊಳೆಯಲು ಪುರುಸೊತ್ತು ಸಿಗುವುದಿಲ್ಲ.

ಟ್ಯಾಕ್ಸಿ ನಗರ ದಾಟಿತು. ಇಬ್ಬದಿಗೂ ಹಿಮ, ಪೈನ್ ಮರ. ತೂಲಿಯಾ ಕೊಟ್ಟ ಡಬ್ಬಿಯ ಬಿಳಿ ಪಾನೀಯವನ್ನು ವಿಯೆನೊ ಆರ್ವಿಯ ಕೈಗಿಟ್ಟಳು.

"ಇದೇನು, ಸುಣ್ಣದ ನೀರಾ? ನಿನ್ನದೆಲ್ಲಿ?"

ಅವಳು ಹೇಳಿದಳು. ಬಣ್ಣದ ವಿಷಯ, ಗುಳಿಗೆಯ ವಿಷಯ, ಗಡ್ಡೆಯನ್ನು ಕಾಪಾಡಿದರೂ ಕಾಪಾಡಿರಬಹುದು ಎನ್ನುವುದು. ಜೀವಮಾನದಲ್ಲಿ ಮೊದಲ ಬಾರಿ ಸರಕಿನ ಕೆಟ್ಟ ಗುಣವನ್ನು ಮೊದಲು ಹೇಳಿ, ಒಳ್ಳೆಯದನ್ನು ಹೇಳದೆಯೇ ನಿಲ್ಲಿಸಿದಳು. ಪೆತ್ರಿ ರೇಡಿಯೊ ಆರಿಸಿದ.

ಆರ್ವಿ ಕಿಟಕಿಯತ್ತ ತಿರುಗಿದ. ದಿಮ್ಮಿ ತುಂಬಿದ ಲಾರಿಯೊಂದು ಎದುರಿಗೆ ಬಂದು, ಹಿಮದ ಧೂಳೆಬ್ಬಿಸಿ ಹೋಯಿತು. ಅವನು ಅದನ್ನೂ ನೋಡಲಿಲ್ಲ. ವಿಯೆನೊ ಕಾದಳು. ಬೈಗುಳವಾದರೂ ಬರಲಿ ಎಂದು ಕಾದಳು; ಅದಕ್ಕೆ ಉತ್ತರ ಕೊಡುವುದು ಅವಳಿಗೆ ಗೊತ್ತಿತ್ತು.

ಬಹಳ ದೂರ ಬಂದ ಮೇಲೆ ಅವನು ಕೇಳಿದ, "ನೀನೂ ಅದನ್ನೇ ಕುಡಿದೆ ತಾನೆ?"

"ಅದೇ ಫ್ಲಾಸ್ಕು."

"ನಂಗಿಂತ ಜಾಸ್ತಿ?"

"ಜಾಸ್ತಿ."

"ಹ್ಞೂಂ," ಎಂದ. ಅದು ಕ್ಷಮೆಯೋ, ಬರೀ ನೋವೋ, ಅವಳಿಗೆ ತಿಳಿಯಲಿಲ್ಲ. ಅವನು ಡಬ್ಬಿ ತೆರೆದು ಒಂದು ಗುಟುಕು ಎಳೆದ. ಮುಖ ಕಿವುಚಿದ. ಗುಟುಕು ಇಳಿಯಲಿಲ್ಲ, ಕರವಸ್ತ್ರಕ್ಕೆ ಉಗುಳಿ ಕಣ್ಣು ಮುಚ್ಚಿಕೊಂಡ. ಅಭ್ಯಾಸಬಲದಿಂದ ಅವನ ಕೈ ಮುಚ್ಚಳಕ್ಕಾಗಿ ಅವಳತ್ತ ಚಾಚಿತು, ಅರ್ಧದಲ್ಲಿ ನಿಂತಿತು, ಹಿಂದೆ ಹೋಗಲಿಲ್ಲ.

ವಿಯೆನೊ ಅವನ ಇನ್ನೊಂದು ಕೈಯಿಂದ ಡಬ್ಬಿ ತೆಗೆದುಕೊಂಡಳು. ಬಿಳಿ ಪಾನೀಯವನ್ನು ಫ್ಲಾಸ್ಕಿನ ಮುಚ್ಚಳಕ್ಕೆ ಸ್ವಲ್ಪವೇ ಬಗ್ಗಿಸಿ, ತನ್ನ ಕೈಯಲ್ಲೇ ಹಿಡಿದು ಅವನ ತುಟಿಗಿಟ್ಟಳು. "ಇದಕ್ಕೆ ಯಾವ ಗುಣ ಇದೆಯೋ ನಂಗೆ ಗೊತ್ತಿಲ್ಲ," ಎಂದಳು. "ಸುಮ್ನೆ ಕುಡಿ."